‘ಯಂಗೆ ಗೊತ್ತಿಲ್ಲೆ, ತಮಾ’

ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಗಂಡಸೊಬ್ಬ ದಿನಕ್ಕೆ 40 ಸಲ ಕೈ ತೊಳೆದರೂ ಯಾರೂ ಕಾಯಿಲೆ ಎನ್ನುವುದಿಲ್ಲ. ‘ಭಾರೀ ಮಡಿ’ ಎಂದು ಮೆಚ್ಚಿಕೊಳ್ಳುತ್ತಾರೆ. ನನ್ನ ಗೀಳು ಕಾಯಿಲೆ (ಒಸಿಡಿ) ಆ ಮೆಚ್ಚುಗೆಯ ಹಿಂದೆ ಆರು ವರ್ಷ ಅಡಗಿತ್ತು.

ಶುರುವಾಗಿದ್ದು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮದ್ದು ಕದಡುವಾಗ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಪ್ಪನ ಕಾಲದ ಲೆಕ್ಕವೇ. ಆ ವರ್ಷ ಮಾತ್ರ, ಉಗುರುಸಂದಿಯ ನೀಲಿ ಮಗಳ ಅನ್ನಕ್ಕೆ ಸೇರಿಬಿಟ್ಟರೆ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಕೊಯ್ಲು ಮುಗಿದರೂ ತೊಳೆಯುತ್ತಲೇ ಇದ್ದೆ. ಕೈ ಬಿರಿದಾಗ ಚರ್ಮದ ಡಾಕ್ಟರು ಮುಲಾಮು ಕೊಟ್ಟರು. ಹಚ್ಚಿ, ಅದನ್ನೂ ತೊಳೆದೆ.

ಕೊನೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆ. ಸರ್ಟ್ರಾಲಿನ್ ಮಾತ್ರೆಯನ್ನು 50 ಮಿಲಿಗ್ರಾಂನಿಂದ ಶುರುಮಾಡಿ, ಹಂತಹಂತವಾಗಿ 200ಕ್ಕೆ ಏರಿಸಿದರು. ಗೀಳಿಗೆ ಸಾಮಾನ್ಯವಾಗಿ ಖಿನ್ನತೆಗಿಂತ ಹೆಚ್ಚು ಪ್ರಮಾಣ ಬೇಕಂತೆ, ತಡವೂ ಆಗುತ್ತದಂತೆ. ನನಗೆ ಹತ್ತನೇ ವಾರ ತಲೆಯ ಗದ್ದಲ ತುಸು ಇಳಿಯಿತು.

ಜೊತೆಗೆ ಅಭ್ಯಾಸ. ಹೆದರಿಕೆಗಳಿಗೆ ನೂರಕ್ಕೆ ಅಂಕ ಕೊಟ್ಟು ಪಟ್ಟಿ ಮಾಡಿದೆವು: ಮದ್ದಿನ ಕೋಣೆಯ ಚಿಲಕಕ್ಕೆ 40, ತೊಳೆದಿಟ್ಟ ಬ್ಯಾರಲ್ಲಿಗೆ 70, ಅದನ್ನು ಮುಟ್ಟಿದ ಕೈಯಲ್ಲೇ ಮಗಳಿಗೆ ಅನ್ನ ಕಲಸುವುದಕ್ಕೆ 95. ಮುಟ್ಟಬೇಕು, ತೊಳೆಯಬಾರದು, ಕಳವಳ ತಾನೇ ಇಳಿಯುವವರೆಗೆ ಕೂರಬೇಕು. ಚಿಲಕ ಮುಟ್ಟಿ ಜಗಲಿಯಲ್ಲಿ ಕೂತ ಮೊದಲ ದಿನ ಕೈಯನ್ನು ಎಲ್ಲಿಡುವುದೆಂದೇ ತಿಳಿಯದೆ, ಭಿಕ್ಷೆ ಬೇಡುವವನ ಹಾಗೆ ಮುಂದೆ ಚಾಚಿಕೊಂಡಿದ್ದೆ. ಇಳಿಯಲು ಮುಕ್ಕಾಲು ಗಂಟೆ ಬೇಕಾಯಿತು. ವಾರ ಕಳೆದ ಮೇಲೆ ಹತ್ತು ನಿಮಿಷ.

ಅದಕ್ಕಿಂತ ಕಷ್ಟವಾದದ್ದು ಆಯಿಯ (ಅಮ್ಮನ) ಪಾಲಿನದು. ‘ಕೈ ಸಮಾ ಆತಲ್ದ ಆಯಿ?’ ಎಂದು ದಿನವಿಡೀ ಕೇಳುತ್ತಿದ್ದೆ, ಅವಳು ‘ಆತು’ ಎನ್ನುತ್ತಿದ್ದಳು. ಆ ‘ಆತು’ ಕೂಡ ಬಚ್ಚಲ ನೀರಿನಂತೆಯೇ, ಐದು ನಿಮಿಷದ ನೆಮ್ಮದಿ ಕೊಟ್ಟು ಸಂಶಯವನ್ನು ಇನ್ನಷ್ಟು ಕೊಬ್ಬಿಸುತ್ತದೆ ಎಂದು ಡಾಕ್ಟರು ಅವಳನ್ನೂ ಕೂರಿಸಿ ಹೇಳಿದರು. ‘ಮಗ ಕೇಳಿದ್ರೆ ಹೇಳ್ದೇ ಇಪ್ಪದು ಹೆಂಗೆ?’ ಎಂದು ಬಸ್ಸಿನಲ್ಲಿ ಕಣ್ಣೊರೆಸಿಕೊಂಡಳು. ಮೊದಲ ಸಂಜೆ ನನ್ನಿಂದ ತಪ್ಪಿಸಿಕೊಳ್ಳಲು ಕೊಟ್ಟಿಗೆಯಲ್ಲೇ ಕೂತಿದ್ದಳು. ಮರುದಿನ, ಹೇಳಿಕೊಟ್ಟಂತೆ, ‘ಯಂಗೆ ಗೊತ್ತಿಲ್ಲೆ, ತಮಾ’ (ನನಗೆ ಗೊತ್ತಿಲ್ಲ, ಮಗಾ) ಎಂದಳು. ನಾನು ಕೂಗಾಡಿದೆ. ಅವಳು ಅದನ್ನೇ ಮತ್ತೆ ಹೇಳಿದಳು. ಮಾತ್ರೆ, ಪಟ್ಟಿ ಎಲ್ಲದಕ್ಕಿಂತ ನನ್ನನ್ನು ತಿರುಗಿಸಿದ್ದು ಅದೇ ಎಂದು ನನಗನ್ನಿಸುತ್ತದೆ.

ಈ ಜೂನಿನಲ್ಲಿ ಕೈಗವಸು ಹಾಕಿ ಮದ್ದು ಕದಡಿದೆ. ಸೋಪಿನಲ್ಲಿ ಒಂದು ಸಲ ಕೈ ತೊಳೆದು ಊಟಕ್ಕೆ ಕೂತೆ. ಹಳೇ ಯೋಚನೆ ಬಂತು. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಆಯಿ ಮುಖ ನೋಡಿದವಳೇ ‘ಯಂಗೆ ಗೊತ್ತಿಲ್ಲೆ’ ಎಂದು ತಂಬುಳಿ ಬಡಿಸಿದಳು.