ಹೆಪ್ಪುಗಟ್ಟಿದ ಕಾಲುವೆಗೆ ಯಾವ ಸ್ಕೇಟ್ ಸೂಕ್ತ?

ಕೆನಡಾದ ಒಟ್ಟಾವಾದಲ್ಲಿ ರಿಡೋ ಕಾಲುವೆಯು ಚಳಿಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದಾಗ, ಅದರ ಮೇಲೆ 7.8 ಕಿಲೋಮೀಟರ್ ಉದ್ದದ ಸ್ಕೇಟಿಂಗ್ ಹಾದಿ ಸಿದ್ಧವಾಗುತ್ತದೆ. ಅಂಥಲ್ಲಿಗೆ ಹೊರಡುವವರು ಬೂಟಿನ ಅಂದಕ್ಕಿಂತ ಮೊದಲು ಅದರ ಅಡಿಯ ಲೋಹದ ಅಲಗನ್ನು ಪರಿಶೀಲಿಸಬೇಕು.

ಐಸ್ ಹಾಕಿ ಸ್ಕೇಟಿನ ಅಲಗು ಸುಮಾರು 3 ಮಿಲಿಮೀಟರ್ ದಪ್ಪವಿದ್ದು, ಎರಡೂ ತುದಿಗಳಲ್ಲಿ ಮೇಲಕ್ಕೆ ಬಾಗಿರುವುದರಿಂದ ಥಟ್ಟನೆ ತಿರುಗಲು ಅನುಕೂಲ. ಫಿಗರ್ ಸ್ಕೇಟಿನ ಮುಂತುದಿಯಲ್ಲಿ ಗರಗಸದಂಥ ಹಲ್ಲುಗಳಿದ್ದು, ಜಿಗಿತಕ್ಕೆ ಆಧಾರವಾಗುವ ಅವೇ ಹಲ್ಲುಗಳು ಹೊರಾಂಗಣದ ಉಬ್ಬುತಗ್ಗಿನ ಮಂಜುಗಡ್ಡೆಗೆ ತಗುಲಿ ಹೊಸಬರನ್ನು ಮುಗ್ಗರಿಸುವಂತೆ ಮಾಡಬಲ್ಲವು. ಉದ್ದನೆಯ, ತೆಳುವಾದ ಅಲಗಿನ ಸ್ಪೀಡ್ ಸ್ಕೇಟ್ ಓಟದ ಪಥಕ್ಕೇ ಮೀಸಲು. ಹಿಮ್ಮಡಿ ಅಲಗಿನಿಂದ ಬಿಡಿಸಿಕೊಂಡು ಮೇಲೇಳುವ ‘ಕ್ಲಾಪ್’ ಮಾದರಿಯು 1998ರ ನಾಗಾನೊ ಒಲಿಂಪಿಕ್ಸ್ ವೇಳೆಗೆ ಸ್ಪೀಡ್ ಸ್ಕೇಟಿಂಗಿನ ದಾಖಲೆಗಳನ್ನೇ ಬದಲಿಸಿತ್ತು.

ಸ್ವೀಡನ್ನಿನ ಸರೋವರಗಳಲ್ಲಿ ಬಹುದೂರ ಸ್ಕೇಟಿಂಗ್ ಮಾಡುವವರು ಬಳಸುವ ನಾರ್ಡಿಕ್ ಸ್ಕೇಟ್ ಬೇರೆಯೇ ಬಗೆಯದು. ಅದರಲ್ಲಿ ಅಲಗನ್ನು ಸ್ಕೀ ಬೂಟಿಗೆ ಕಟ್ಟಿಕೊಳ್ಳಬಹುದು, ದಡ ಸೇರಿದೊಡನೆ ಕಳಚಿ ನಡೆದು ಹೋಗಬಹುದು. ಅಲಗಿನ ಉದ್ದವು ಸಣ್ಣ ಬಿರುಕುಗಳನ್ನು ದಾಟಿಸುತ್ತದೆ. ಒರಟು ಮಂಜುಗಡ್ಡೆಗೆ ನನ್ನ ಆಯ್ಕೆ ಇದೇ, ಆದರೆ ಇಕ್ಕಟ್ಟಾದ ರಿಂಕಿನಲ್ಲಿ (ಸ್ಕೇಟಿಂಗ್ ಅಂಗಣದಲ್ಲಿ) ಇದು ತೀರಾ ತೊಡಕಿನದು.

ಯಾವ ಬಗೆಯಾದರೂ ತೆಳು ಕಾಲುಚೀಲ ತೊಟ್ಟು, ಬೂಟಿನ ಲೇಸನ್ನು ಬಿಗಿದು, ಹಿಮ್ಮಡಿ ಮೇಲೇಳದಂತೆ ಕೂರುವುದೇ ಎಂದು ನೋಡಿಕೊಳ್ಳಿ. ಬಳಕೆಯ ನಂತರ ಅಲಗನ್ನು ಒರೆಸದೆ ಚೀಲಕ್ಕೆ ಹಾಕಿದರೆ ತುಕ್ಕು ಹಿಡಿಯುತ್ತದೆ.