ಮನೆ ಅಲಾರಂ ಎಷ್ಟು ಕರೆಂಟ್ ಎಳೆಯತ್ತೆ ಅಂತ ನೋಡೋದು ಹೇಗೆ

ಊರಲ್ಲಿ ಅಪ್ಪ ಅಮ್ಮ ಇಬ್ರೇ, ತೀರ್ಥಹಳ್ಳಿ ಕಡೆ ತೋಟದ ಮಧ್ಯ ಒಂಟಿ ಮನೆ, ಅದಕ್ಕೇ ಅಲಾರಂ ಹಾಕ್ಸಿದ್ವಿ. ಹೋದ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಟ್ಟಾಗಿ ರಾತ್ರಿಯೆಲ್ಲ ಕರೆಂಟ್ ಇಲ್ಲ, ಬೆಳಿಗ್ಗೆ ನೋಡಿದ್ರೆ ಅಲಾರಂ ಪ್ಯಾನೆಲ್ ಪೂರ್ತಿ ಆಫ್. ಒಳಗೆ ಬ್ಯಾಟರಿ ಇದ್ಯಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ವಿ. ಆಮೇಲೆ ನಾನೇ ಕೂತು ಎಲ್ಲ ಅಳೆದೆ, ಹೇಗೆ ಅಂತ ಹೇಳ್ತೀನಿ.

ಮೊದಲು ಬಿಲ್ ವಿಷಯ. ಅಡಾಪ್ಟರ್ ಮೇಲೆ 12 ವೋಲ್ಟ್ 2 ಆಂಪ್ ಅಂತ ಇದ್ರೆ 24 ವ್ಯಾಟ್, ತಿಂಗಳಿಗೆ 17 ಯೂನಿಟ್ ಅಂತ ಲೆಕ್ಕ ಹಾಕ್ಬೇಡಿ, ಅದು ಕೊಡಬಲ್ಲ ಗರಿಷ್ಠ ಅಷ್ಟೇ, ಯಾವಾಗ್ಲೂ ಎಳೆಯೋದಲ್ಲ. ಸಾಕೆಟ್‌ಗೆ ಚುಚ್ಚೋ ವ್ಯಾಟ್ ಮೀಟರ್ ಆನ್‌ಲೈನಲ್ಲಿ ಸಿಗತ್ತೆ, ಅದರ ಮೂಲಕ ಅಲಾರಂ ಹಾಕಿ ಒಂದು ವಾರ ಬಿಡಿ. ಆ ಕ್ಷಣದ ವ್ಯಾಟ್ ನೋಡ್ಬೇಡಿ, ಇಷ್ಟು ಸಣ್ಣ ಲೋಡಲ್ಲಿ ಅದು ಓಡಾಡ್ತಿರತ್ತೆ, ಒಟ್ಟು ಯೂನಿಟ್ ನೋಡಿ. ನಮ್ಮನೇಲಿ 168 ಗಂಟೆಗೆ 1.2 ಯೂನಿಟ್ ಬಂತು, ಅಂದ್ರೆ ಸುಮಾರು 7 ವ್ಯಾಟ್, ತಿಂಗಳಿಗೆ 5 ಯೂನಿಟ್. ಕರೆಂಟ್ ಹೋಗಿ ಬಂದ ತಕ್ಷಣ ಅಳೀಬೇಡಿ, ಬ್ಯಾಟರಿ ಚಾರ್ಜ್ ಆಗ್ತಿರತ್ತೆ, ಲೆಕ್ಕ ಜಾಸ್ತಿ ತೋರಿಸತ್ತೆ. ಗೃಹಜ್ಯೋತಿಯ 200 ಯೂನಿಟ್ ಅಂಚಲ್ಲಿ ಇರೋರಿಗೆ ಈ 5 ಯೂನಿಟ್ಟೂ ಲೆಕ್ಕಕ್ಕೆ ಬರತ್ತೆ.

ವ್ಯಾಟ್ ಮೀಟರ್ ಇಲ್ಲ ಅಂದ್ರೆ ಅಲಾರಂ ಒಂದನ್ನ ಬಿಟ್ಟು ಫ್ರಿಜ್ಜು ಗಿಜ್ಜು ಎಲ್ಲ ಆಫ್ ಮಾಡಿ ಮನೆ ಮೀಟರಿನ ಕೆಂಪು ಲೈಟ್ ಎಷ್ಟು ಸೆಕೆಂಡಿಗೊಂದ್ಸಲ ಮಿನುಗತ್ತೆ ನೋಡಿ. ಮೀಟರ್ ಮೇಲೆ 3200 ಇಂಪಲ್ಸ್ (ಒಂದು ಯೂನಿಟ್‌ಗೆ ಅಷ್ಟು ಸಲ ಮಿನುಗತ್ತೆ) ಅಂತ ಇದ್ರೆ 1125ನ್ನ ಆ ಸೆಕೆಂಡಿಂದ ಭಾಗಿಸಿದ್ರೆ ವ್ಯಾಟ್. ಆದ್ರೆ ಇಷ್ಟು ಕಮ್ಮಿ ಲೋಡನ್ನ ಕೆಲವು ಮೀಟರ್ ಸರಿಯಾಗಿ ಹಿಡಿಯಲ್ಲ, ಇದು ಅಂದಾಜಿಗೆ ಮಾತ್ರ.

ಈಗ ನಿಜವಾಗಿ ಮುಖ್ಯವಾದದ್ದು, ಬ್ಯಾಟರಿ ಕಡೆ. ಇದಕ್ಕೆ ಮಲ್ಟಿಮೀಟರ್ ಬೇಕು. ಮನೆಯವರಿಗೆ ಮೊದ್ಲೇ ಹೇಳಿ, ಪ್ಯಾನೆಲ್ ಮುಚ್ಚಳ ತೆಗೆದ್ರೆ ಸೈರನ್ ಕೂಗ್ಬಹುದು, ಎಲ್ಲರಿಗೂ ಮೆಸೇಜ್ ಹೋಗ್ಬಹುದು, ನಮ್ಮಮ್ಮ ಹೆದರಿಬಿಟ್ಟಿದ್ರು. ಅಲಾರಂನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಿಡಿ, ಪ್ಯಾನೆಲ್ ನೇರವಾಗಿ ಮನೆ ವೈರಿಂಗಿಗೆ ಸೇರಿದ್ರೆ ಎಂಸಿಬಿ ಸ್ವಿಚ್ ಇಳಿಸಿ, 230 ವೋಲ್ಟ್ ಕಡೆ ಕೈ ಹಾಕ್ಲೇಬೇಡಿ. ಮಲ್ಟಿಮೀಟರಿನ ಕೆಂಪು ವೈರನ್ನ 10 ಆಂಪ್ ತೂತಿಗೆ ಹಾಕಿ, ಬ್ಯಾಟರಿಯ ಪ್ಲಸ್ ವೈರ್ ಬಿಚ್ಚಿ, ಬ್ಯಾಟರಿಗೂ ಆ ವೈರಿಗೂ ಮಧ್ಯ ಮೀಟರ್ ಸೇರಿಸಿ. ಬ್ಯಾಟರಿಯ ಪ್ಲಸ್ಸು ಮೈನಸ್ಸಿಗೆ ನೇರ ಇಟ್ರೆ ಶಾರ್ಟ್ ಆಗತ್ತೆ, ಹುಷಾರು. ಕೆಲಸ ಮುಗಿದ್ಮೇಲೆ ಕೆಂಪು ವೈರನ್ನ ವೋಲ್ಟ್ ತೂತಿಗೆ ವಾಪಸ್ ಹಾಕಿ, ಮರೀಬೇಡಿ.

ನಮ್ಮಲ್ಲಿ ಸುಮ್ನಿದ್ದಾಗ 0.24 ಆಂಪ್ ಬಂತು, ಒಳಗಿನ ಸಿಮ್ ಮೆಸೇಜ್ ಕಳಿಸುವಾಗ ಮೇಲೇರತ್ತೆ, ಸೈರನ್ ಕೂಗಿದ್ರೆ ಇನ್ನೂ ಜಾಸ್ತಿ. ವೈರ್‌ಲೆಸ್ ಸೆನ್ಸರ್‌ಗಳಿಗೆ ಅವುಗಳದ್ದೇ ಸೆಲ್ ಇರತ್ತೆ, ಅವು ಈ ಲೆಕ್ಕದಲ್ಲಿ ಬರಲ್ಲ. 7 ಆಂಪ್-ಅವರ್ ಬ್ಯಾಟರಿ ಅಂದ್ರೆ 7ನ್ನ 0.24ರಿಂದ ಭಾಗಿಸಿ, 29 ಗಂಟೆ. ಕಾಗದದ ಮೇಲೆ.

ಅದಕ್ಕೇ ಕೊನೇಗೆ ನಿಜವಾದ ಪರೀಕ್ಷೆ ಮಾಡಿ. ಬ್ಯಾಟರಿ ಫುಲ್ ಇದ್ದಾಗ ಬೆಳಿಗ್ಗೆ ಪ್ಲಗ್ ಕಿತ್ತು ಗಂಟೆಗೊಂದ್ಸಲ ವೋಲ್ಟೇಜ್ ಬರ್ಕೊಳ್ಳಿ. 12.7ರ ಹತ್ರ ಶುರುವಾಗತ್ತೆ, 11.5ಕ್ಕೆ ಇಳಿದ್ರೆ ನಿಲ್ಸಿ ಚಾರ್ಜಿಗೆ ಹಾಕಿ, 10.5ರ ಕೆಳಗೆ ಹೋದ್ರೆ ಬ್ಯಾಟರಿನೇ ಹಾಳಾಗತ್ತೆ. ನಮ್ದು ನಾಲ್ಕು ವರ್ಷ ಹಳೇದು, ಐದೇ ಗಂಟೆಯಲ್ಲಿ 11.5ಕ್ಕೆ ಬಂತು. ಅವತ್ತೇ ಹೊಸದು ತಂದು ಹಾಕಿ, ತಾರೀಖನ್ನ ಮಾರ್ಕರಲ್ಲಿ ಅದರ ಮೇಲೇ ಬರೆದೆ, ಪ್ರತಿ ವರ್ಷ ಮೇ ತಿಂಗಳಲ್ಲಿ ಮಳೆ ಹಿಡಿಯೋಕ್ ಮುಂಚೆ ಊರಿಗೆ ಹೋದಾಗ ಇದನ್ನೇ ಮತ್ತೆ ಮಾಡ್ತೀನಿ.