ಭುಜದ ಲೆಕ್ಕ ಮೊದಲು: ರೈಲು ಹೊರಡುವುದರೊಳಗೆ ಮೈಗೊಪ್ಪುವ ಸ್ವೆಟರ್

ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಗುವವರೇ ನವೆಂಬರ್ ಬಂತೆಂದರೆ ಉಲ್ಲನ್ ಉಂಡೆ ಹಿಡಿದು ನಮ್ಮ ಮನೆಗೆ ಬರುತ್ತಾರೆ. ಮಗನಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿರುತ್ತದೆ, ಗುಂತಕಲ್ಲಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವ ದಿನವೂ ಗೊತ್ತಾಗಿರುತ್ತದೆ. ಹೋದ ವರ್ಷ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಫೋನಿನಲ್ಲಿದ್ದ ಪ್ಯಾಟರ್ನ್, ಅಂದರೆ ಹೆಣೆಯುವ ಕ್ರಮ ಬರೆದಿಟ್ಟದ್ದು, ನೋಡಿ ಒಂದು ಸಾಲೂ ತಪ್ಪದ ಹಾಗೆ ಹೆಣೆದು, ಮುಗಿದ ಮೇಲೆ ತಂದು ತೋರಿಸಿದಳು. “ಅಕ್ಕಾ, ಎದೆ ಸೈಜು ಸರಿಯಾಗೇ ಹಾಕೀನಿ, ಭುಜ ಯಾಕೆ ಹಿಂಗೆ ಜೋತು ಬಿದ್ದೈತೆ?” ಹೆಣಿಗೆಯಲ್ಲಿ ಒಂದು ತಪ್ಪೂ ಇರಲಿಲ್ಲ. ತಪ್ಪಿದ್ದು ಹೆಣೆಯುವ ಮೊದಲು ಹಾಕಬೇಕಾದ ಲೆಕ್ಕದಲ್ಲಿ.

ನಮ್ಮದು ಜೀನ್ಸ್ ಹೊಲಿಯುವ ಊರು. ಕತ್ತರಿ ಆಡಿದ ಮೇಲೆ ಅಳತೆ ತಪ್ಪಿದ್ದು ಗೊತ್ತಾದರೆ ಬಟ್ಟೆ ಹೋದ ಹಾಗೆಯೇ. ಹೆಣಿಗೆಯನ್ನಾದರೆ ಬಿಚ್ಚಬಹುದು. ಆದರೆ ಊರಿಗೆ ಹೊರಡಲು ನಾಲ್ಕು ದಿನ ಉಳಿದಾಗ ಬಿಚ್ಚಿ ಕೂರುವವರು ಯಾರು?

ಹಂತ 1: ಅಂಗಡಿ

ಉಲ್ಲನ್ ಎಲ್ಲವನ್ನೂ ಒಂದೇ ಸಲ ಕೊಳ್ಳಿ, ಉಂಡೆಗೆ ಸುತ್ತಿದ ಕಾಗದದ ಪಟ್ಟಿಯ ಮೇಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ್ದೆಂಬ ಗುರುತು) ಒಂದೇ ಇರಲಿ. ಪಟ್ಟಿಯೇ ಇಲ್ಲದೆ ತೂಕಕ್ಕೆ ಮಾರುವ ಉಂಡೆಯನ್ನು ಮುಟ್ಟಬೇಡಿ. ನಾನು ಒಮ್ಮೆ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು ಮೊದಲ ಒಗೆತಕ್ಕೇ ಗುಳ್ಳೆಗುಳ್ಳೆಯಾಗಿ ಎದ್ದಿತು. ಕೆಲವರು ಊರ ಕುರಿಯ ಉಣ್ಣೆಯಲ್ಲೇ ಯಾಕೆ ಹೆಣೆಯಬಾರದು ಎನ್ನುತ್ತಾರೆ. ಬಳ್ಳಾರಿ ಹೆಸರಿನದೇ ಕುರಿ ತಳಿ ಇದೆ ನಿಜ, ಆದರೆ ಅದರ ಉಣ್ಣೆ ಒರಟು. ಕಂಬಳಿಗೆ ಅದು ಹೇಳಿ ಮಾಡಿಸಿದ್ದು, ಕೊರಳಿಗೆ ತಾಗಿದರೆ ಹುಡುಗ ಎರಡನೇ ದಿನವೇ ತೆಗೆದಿಡುತ್ತಾನೆ.

ಕಡ್ಡಿಯ ನಂಬರಿನಲ್ಲೂ ಒಂದು ತೊಡಕಿದೆ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ನಂಬರು: 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದ ಪ್ಯಾಟರ್ನಿನಲ್ಲಿ ಅದು ತಿರುವುಮುರುವು, ಅಲ್ಲಿ 8 ಎಂದರೆ 5 ಮಿಲಿಮೀಟರ್. ಆದ್ದರಿಂದ ನಂಬರ್ ಮರೆತು ಮಿಲಿಮೀಟರ್ ಕೇಳಿ. ಪ್ಲಾಸ್ಟಿಕ್ ಕಡ್ಡಿ ಬೇಡವೇ ಬೇಡ, ಭಾರ ಬಿದ್ದರೆ ಬಾಗುತ್ತದೆ.

ಹಂತ 2: ತುಂಡು ಹೆಣೆದು ಎಣಿಸುವುದು

ಬೇಸರದ ಕೆಲಸ, ಆದರೂ ಬಿಡುವಂತಿಲ್ಲ. ಆರಿಂಚು ಅಗಲ, ಆರಿಂಚು ಉದ್ದದ ತುಂಡು ಹೆಣೆದು, ತೊಳೆದು, ಒಣಗಿಸಿ, ಮಧ್ಯದ ನಾಲ್ಕು ಇಂಚಿನಲ್ಲಿ ಎಷ್ಟು ಕುಣಿಕೆ, ಎಷ್ಟು ಸಾಲು ಎಂದು ಎಣಿಸಿ. ಪ್ಯಾಟರ್ನಿನಲ್ಲಿ ನಾಲ್ಕು ಇಂಚಿಗೆ 22 ಕುಣಿಕೆ, 28 ಸಾಲು ಎಂದಿರಲಿ; ನಿಮ್ಮ ಕೈಗೆ 20 ಕುಣಿಕೆ, 26 ಸಾಲು ಬಂದಿರಲಿ. ಎರಡು ಕುಣಿಕೆ ಏನು ಮಹಾ ಅನ್ನಿಸುತ್ತದೆ. 40 ಇಂಚಿನ ಸ್ವೆಟರಿಗೆ ಪ್ಯಾಟರ್ನ್ ಕೇಳುವುದು 220 ಕುಣಿಕೆ. ಅಷ್ಟನ್ನೇ ನೀವು ನಿಮ್ಮ ಕೈಯಲ್ಲಿ ಹೆಣೆದರೆ ಬರುವುದು 44 ಇಂಚು. ನಿಮಗೆ ಬೇಕಿರುವುದು 200 ಮಾತ್ರ.

ಕಡ್ಡಿ ಬದಲಿಸಿ ಮತ್ತೆ ಮತ್ತೆ ತುಂಡು ಹೆಣೆಯಿರಿ ಎಂದು ಪುಸ್ತಕಗಳು ಹೇಳುತ್ತವೆ. ಸಮಯವಿಲ್ಲದಾಗ ನಾನು ಹಾಗೆ ಮಾಡುವುದಿಲ್ಲ. ತುಂಡು ಮುಟ್ಟಿದರೆ ಹಿತವಾಗಿದೆಯೆಂದರೆ ಕೈ ಹಾಗೇ ಇರಲಿ, ಲೆಕ್ಕ ಬದಲಾಗಲಿ.

ಆ ತುಂಡು ಹೆಣೆಯುವಾಗಲೇ ಗಡಿಯಾರವನ್ನೂ ನೋಡಿಕೊಳ್ಳಿ. ಇಂಥ ಸ್ವೆಟರಿಗೆ ಒಟ್ಟು ಸುಮಾರು 45,000 ಕುಣಿಕೆ ಆಗುತ್ತದೆ. ನಿಮಿಷಕ್ಕೆ 25 ಎಂದರೂ 30 ಗಂಟೆ, ದಿನಕ್ಕೆ ಎರಡು ಗಂಟೆ ಕುಳಿತರೆ 15 ದಿನ. ಜೋಡಿಸಿ ಹೊಲಿಯಲು, ತೊಳೆಯಲು ಇನ್ನು ಮೂರು ದಿನ ಬೇಕು. ಅಷ್ಟು ದಿನ ಇಲ್ಲವೆಂದರೆ ಇವತ್ತೇ ತೋಳು ಕೈಬಿಡಿ, ಮೂರನೇ ಒಂದು ಪಾಲು ಕೆಲಸ ಕಡಿಮೆಯಾಗುತ್ತದೆ. ಶರ್ಟಿನ ಮೇಲೆ ತೋಳಿಲ್ಲದ ಸ್ವೆಟರ್ ಚೆನ್ನಾಗಿಯೇ ಕಾಣುತ್ತದೆ. ಹನ್ನೆರಡನೇ ದಿನ ಈ ತೀರ್ಮಾನಕ್ಕೆ ಬಂದವರ ಮನೆಯಲ್ಲಿ ಒಂಟಿ ತೋಳು ಈಗಲೂ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ.

ಹಂತ 3: ಅಳತೆ

ಮೈಗೆ ಟೇಪು ಹಿಡಿಯಬೇಡಿ. ಅವನಿಗೆ ಸರಿಯಾಗಿ ಕೂರುವ ಶರ್ಟೊಂದನ್ನು ಚಾಪೆಯ ಮೇಲೆ ಹಾಸಿ, ಒಂದು ಭುಜದ ಹೊಲಿಗೆಯಿಂದ ಇನ್ನೊಂದಕ್ಕೆ, ತೋಳಿನ ಉದ್ದಕ್ಕೆ, ಕೆಳ ಅಂಚಿನವರೆಗೆ ಅಳೆಯಿರಿ. ಎದೆ ಮತ್ತು ರಟ್ಟೆಯ ಸುತ್ತಳತೆ ಮಾತ್ರ ಮೈಮೇಲೆ. ಎದೆ 36 ಇಂಚು ಇದ್ದರೆ ಶರ್ಟಿನ ಮೇಲೆ ತೊಡುವುದಕ್ಕೆ ನಾಲ್ಕು ಇಂಚು ಸಡಿಲ ಸೇರಿಸಿ 40. ಪ್ಯಾಟರ್ನಿನ 40 ಎನ್ನುವುದು ಮೈ ಅಳತೆಯೋ, ಹೆಣೆದು ಮುಗಿದ ಮೇಲಿನ ಅಳತೆಯೋ ಓದಿ ನೋಡಿ. ಇದನ್ನು ಓದದೆ ಕೆಟ್ಟವರೇ ಹೆಚ್ಚು.

ಹಂತ 4: ಭುಜ ಮತ್ತು ಕಂಕುಳು

ಇಲ್ಲಿ ನಿಧಾನ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಪ್ಯಾಟರ್ನಿನಲ್ಲಿ ಎದೆ ದೊಡ್ಡದಾದಂತೆ ಭುಜವೂ ಅಗಲವಾಗುತ್ತ ಹೋಗುತ್ತದೆ. ಮನುಷ್ಯ ಹಾಗಿರುವುದಿಲ್ಲ. ಹೊಟ್ಟೆ ಬಂದವನ ಭುಜ ಮದುವೆಯ ದಿನ ಎಷ್ಟಿತ್ತೋ ಅಷ್ಟೇ ಇರುತ್ತದೆ. ಆದ್ದರಿಂದ ಎದೆಯ ಲೆಕ್ಕ ಬೇರೆ, ಭುಜದ ಲೆಕ್ಕ ಬೇರೆ. ಶರ್ಟಿನ ಭುಜ ಹದಿನಾರೂವರೆ ಇಂಚು ಬಂತು ಎನ್ನಿ. ನಾನು ಅದರಲ್ಲಿ ಅರ್ಧ ಇಂಚು ಕಡಿಮೆ ಮಾಡಿ 16 ಎಂದು ಹಿಡಿಯುತ್ತೇನೆ. ತೋಳಿನ ಭಾರಕ್ಕೆ ಹೆಣಿಗೆ ಎಳೆದುಕೊಂಡು ಆ ಅರ್ಧ ಇಂಚು ತಾನಾಗಿ ಬರುತ್ತದೆ.

ಈಗ ಬೆನ್ನಿನ ಭಾಗ. 20 ಇಂಚು ಅಗಲಕ್ಕೆ ಇಂಚಿಗೆ 5ರಂತೆ 100 ಕುಣಿಕೆ. (ಜೋಡಿಸುವ ಹೊಲಿಗೆಗೆಂದು ಎರಡೂ ಅಂಚಿಗೆ ಒಂದೊಂದು ಹೆಚ್ಚು ಏರಿಸಿಕೊಳ್ಳಿ, ಈ ಲೆಕ್ಕದಲ್ಲಿ ಅದು ಸೇರಿಲ್ಲ.) ಭುಜದ ಹತ್ತಿರ ಬೇಕಾದದ್ದು 16 ಇಂಚು, ಅಂದರೆ 80. ಕಂಕುಳಲ್ಲಿ ಒಂದೊಂದು ಬದಿಗೆ 10 ಹೋಗಬೇಕು. ಅರ್ಧ, ಅಂದರೆ 5, ಒಂದೇ ಸಲ ಮುಚ್ಚಿ (ಒಂದು ಕುಣಿಕೆಯನ್ನು ಇನ್ನೊಂದರ ಮೇಲೆ ದಾಟಿಸಿ ಕಡ್ಡಿಯಿಂದ ತೆಗೆಯುವುದು). ಉಳಿದ 5ನ್ನು ಸಾಲು ಬಿಟ್ಟು ಸಾಲಿಗೆ, ಎರಡು ಕುಣಿಕೆ ಒಟ್ಟಿಗೆ ಹೆಣೆದು, ಒಂದೊಂದಾಗಿ ಇಳಿಸಿ. ಹತ್ತನ್ನೂ ಒಟ್ಟಿಗೆ ಮುಚ್ಚಿದರೆ ಬೇಗ ಆಗುತ್ತದೆ, ಆದರೆ ಜಾಕೆಟ್ ಹಾಕಿಕೊಂಡಾಗ ಕಂಕುಳಲ್ಲಿ ಮುದ್ದೆ ಕಟ್ಟುತ್ತದೆ. ಉಳಿದ 80ರಲ್ಲಿ ಭುಜಕ್ಕೆ 25, ಕೊರಳಿಗೆ 30, ಆಚೆ ಭುಜಕ್ಕೆ 25.

ಕಂಕುಳಿನಿಂದ ಭುಜದವರೆಗಿನ ಎತ್ತರ 9 ಇಂಚು. ಪ್ಯಾಟರ್ನ್ ಇದಕ್ಕೆ 63 ಸಾಲು ಎನ್ನುತ್ತದೆ. ನಿಮ್ಮ ಕೈಯಲ್ಲಿ ಇಂಚಿಗೆ ಆರೂವರೆ ಸಾಲು, ಹಾಗಾಗಿ 63 ಹೆಣೆದರೆ ಒಂಬತ್ತೂಮುಕ್ಕಾಲು ಇಂಚಿನ ಹತ್ತಿರ ಹೋಗುತ್ತದೆ. 58ಕ್ಕೆ ನಿಲ್ಲಿಸಿ. ಎಲ್ಲಿ ಸಾಲಿನ ಲೆಕ್ಕ ಕೊಟ್ಟಿದ್ದರೂ ಅದನ್ನು ಇಂಚಿಗೆ ತಿರುಗಿಸಿ, ಇಂಚನ್ನು ಮತ್ತೆ ನಿಮ್ಮ ಸಾಲಿಗೆ ತಿರುಗಿಸಿ.

ಮುಂಭಾಗವೂ ಹೀಗೆಯೇ, ಕೊರಳನ್ನು ಮಾತ್ರ ಮೂರು ಇಂಚು ಮೊದಲೇ ತೆಗೆಯಿರಿ.

ಹಂತ 5: ತೋಳು

ಮುಂಗೈ ಪಟ್ಟಿಗೆ 8 ಇಂಚು, 40 ಕುಣಿಕೆ. ರಟ್ಟೆ 12 ಇಂಚಿದ್ದರೆ ಎರಡು ಇಂಚು ಸಡಿಲ ಸೇರಿ 14, ಅಂದರೆ 70 ಕುಣಿಕೆ. ಹೆಚ್ಚಾಗಬೇಕಾದದ್ದು 30; ಒಂದು ಸಲಕ್ಕೆ ಎರಡೂ ಅಂಚಿನಲ್ಲಿ ಒಂದೊಂದರಂತೆ 15 ಸಲ. ತೋಳಿನ ಉದ್ದ ಕಂಕುಳವರೆಗೆ 17 ಇಂಚು, ಅದರಲ್ಲಿ ಎರಡೂವರೆ ಪಟ್ಟಿ, ಉಳಿದ ಹದಿನಾಲ್ಕೂವರೆ ಇಂಚಿಗೆ 94 ಸಾಲು. ಆರು ಸಾಲಿಗೊಮ್ಮೆ ಹೆಚ್ಚಿಸಿದರೆ 90 ಆಯಿತು, ನಾಲ್ಕು ಸಾಲು ಹಾಗೇ ಹೆಣೆಯಿರಿ. ತೋಳು ಗಿಡ್ಡ ಮಾಡಬೇಕಾದರೂ ಇದೇ ದಾರಿ, ಇರುವ ಸಾಲನ್ನು 15 ಸಲಕ್ಕೆ ಹಂಚಿ. ಮೇಲೆ ಹೋಗಿ ಸಾಲು ಕಡಿಮೆ ಮಾಡಿದರೆ ರಟ್ಟೆ ಬಿಗಿಯುತ್ತದೆ.

ತೋಳಿನ ತಲೆಗೆ, ಅಂದರೆ ಕಂಕುಳಿನಿಂದ ಮೇಲೆ ಭುಜಕ್ಕೆ ಕೂಡುವ ಬಾಗಿದ ಭಾಗಕ್ಕೆ, ಎಲ್ಲರೂ ಹೆದರುತ್ತಾರೆ. ಎರಡೂ ಬದಿ 5 ಮುಚ್ಚಿ, ಬೆನ್ನಿನಲ್ಲಿ ಮುಚ್ಚಿದಷ್ಟೇ, 60 ಉಳಿಯಿತು. ಸಾಲು ಬಿಟ್ಟು ಸಾಲಿಗೆ ಎರಡೂ ಅಂಚಿನಲ್ಲಿ ಒಂದೊಂದು ಇಳಿಸುತ್ತ 16 ಸಲ, 28. ಮುಂದಿನ ನಾಲ್ಕು ಸಾಲಿನ ಶುರುವಿಗೆ ಮೂರು ಮೂರು ಮುಚ್ಚಿ, 16. ಅದನ್ನು ಒಟ್ಟಿಗೆ ಮುಚ್ಚಿಬಿಡಿ. ಈಗ ಒಂದು ದಾರ ತೆಗೆದುಕೊಂಡು ತೋಳಿನ ತಲೆಯ ಬಾಗಿನ ಮೇಲೆ ಈ ತುದಿಯಿಂದ ಆ ತುದಿಗೆ ಹಾಸಿ, ಅದೇ ದಾರವನ್ನು ಮುಂಭಾಗ, ಬೆನ್ನು ಎರಡರ ಕಂಕುಳ ಅಂಚಿಗೆ ಹಿಡಿಯಿರಿ. ಈ ಲೆಕ್ಕದಲ್ಲಿ ಎರಡೂ 20 ಇಂಚಿನ ಆಸುಪಾಸು ಬರಬೇಕು. ಅರ್ಧ ಇಂಚಿನ ವ್ಯತ್ಯಾಸ ಹೊಲಿಗೆಯಲ್ಲಿ ಮುಚ್ಚಿಹೋಗುತ್ತದೆ. ಎರಡಿಂಚು ವ್ಯತ್ಯಾಸ ಬಂದರೆ ತಲೆಯನ್ನಷ್ಟೇ ಬಿಚ್ಚಿ, ಒಂದು ಸಂಜೆಯ ಕೆಲಸ. ಎಳೆದು ಹೊಲಿದು ಮುಗಿಸುತ್ತೇನೆ ಎನ್ನಬೇಡಿ, ಭುಜದ ಮೇಲೆ ಗುಬ್ಬಿ ಕೂತಂತೆ ಕಾಣುತ್ತದೆ.

ಕೊನೆಗೆ

ಮೊದಲು ಭುಜ, ಆಮೇಲೆ ತೋಳು, ಕೊನೆಗೆ ಪಕ್ಕೆ ಹೊಲಿಯಿರಿ. ಭುಜ ಹೊಲಿದಾದ ಮೇಲೆ ಹುಡುಗನನ್ನು ಕರೆದು ಒಮ್ಮೆ ಹೆಗಲಿಗೆ ಹಾಕಿ ನೋಡಿ. ತಣ್ಣೀರಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆಯ ಮೇಲೆ ಹಾಸಿ. ತಂತಿಗೆ ನೇತು ಹಾಕಿದರೆ ಇಷ್ಟು ಹೊತ್ತು ಹಾಕಿದ ಲೆಕ್ಕವೆಲ್ಲ ಉದ್ದಕ್ಕೆ ಹರಿದುಹೋಗುತ್ತದೆ. ಉಲ್ಲನ್ ಅಕ್ರಿಲಿಕ್, ಅಂದರೆ ಕೃತಕ ನೂಲು, ಆದರೆ ಇಸ್ತ್ರಿ ಪೆಟ್ಟಿಗೆ ಹತ್ತಿರ ಸುಳಿಯಬಾರದು, ಬಿಸಿ ತಾಗಿದರೆ ಹೆಣಿಗೆ ಸತ್ತು ಬಟ್ಟೆ ಜೋಲಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಉಳಿದ ಉಲ್ಲನ್ನನ್ನು ಸಣ್ಣ ಉಂಡೆ ಮಾಡಿ, ಒಂದು ದಪ್ಪ ಸೂಜಿ ಚುಚ್ಚಿ, ಅವನ ಬ್ಯಾಗಿನಲ್ಲಿಡಿ. ಮೊಣಕೈ ಹತ್ತಿರ ಸವೆದಾಗ ಅಲ್ಲಿ ಆ ಬಣ್ಣ ಸಿಗುವುದಿಲ್ಲ.